ಪ್ರಯಾಣದ ವಾಕರಿಕೆ

ಮೈಸೂರಿನ ಪಡುವಣ ದಿಕ್ಕಿಗೆ ಹರಡಿಕೊಂಡಿರುವ ಸೀಮೆಯಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಎಂಬ ನಾಲ್ಕು ಊರುಗಳಿವೆ. ಹುಣಸೂರಿನ ಹೆದ್ದಾರಿಯು ಇಲವಾಲ, ಬಿಳಿಕೆರೆಗಳನ್ನು ಹಾದು, ಪಿರಿಯಾಪಟ್ಟಣ, ಬೈಲಕುಪ್ಪೆಗಳನ್ನು ದಾಟಿ ಕುಶಾಲನಗರವನ್ನು ಮುಟ್ಟುತ್ತದೆ. ಅಲ್ಲಿಂದ ಮುಂದೆ ತಿರುವುಗಳ ಮೇಲೆ ತಿರುವುಗಳನ್ನು ಹಾಕುತ್ತ ಮಡಿಕೇರಿಯ ಬೆಟ್ಟವನ್ನೇರುತ್ತದೆ. ಬಿಳಿಕೆರೆಯಲ್ಲಿ ಕವಲೊಡೆಯುವ ಇನ್ನೊಂದು ರಸ್ತೆ ಕೃಷ್ಣರಾಜನಗರದ ಮೂಲಕ ಹೊಳೆನರಸೀಪುರ, ಹಾಸನಗಳ ಕಡೆಗೆ ಸಾಗುತ್ತದೆ. ಕೋಟೆಯ ರಸ್ತೆಯಾದರೋ ಹ್ಯಾಂಡ್‌ಪೋಸ್ಟ್, ಅಂತರಸಂತೆಗಳಾಚೆ ಕಾಡನ್ನು ಹೊಕ್ಕು, ಬಾವಲಿಯ ಬಳಿ ಕೇರಳವನ್ನು ಸೇರುತ್ತದೆ. ಈ ನಾಲ್ಕು ಊರುಗಳಲ್ಲಿ ರೈಲು ನಿಲ್ದಾಣವಿರುವುದು ಕೃಷ್ಣರಾಜನಗರಕ್ಕೆ ಮಾತ್ರ. ಉಳಿದ ಮೂರು ಊರುಗಳ ಜನರಿಗೆ ಸಂತೆಯಾಗಲಿ, ಶಾಲೆಯಾಗಲಿ, ಆಸ್ಪತ್ರೆಯಾಗಲಿ, ದೂರದ ಊರಿಗೆ ಹೋಗಬೇಕಾದರೆ ಬಸ್ಸೇ ಗತಿ.

ಈ ಬಸ್ಸುಗಳಲ್ಲಿ ಒಮ್ಮೆಯಾದರೂ ಪ್ರಯಾಣ ಮಾಡಿದವರು ಕಂಡಿರಲೇಬೇಕಾದ ನೋಟವೊಂದುಂಟು. ಬಸ್ಸು ಊರು ಬಿಟ್ಟು ಅರ್ಧ ಗಂಟೆ ಕಳೆದಿರುತ್ತದೆ. ಕಿಟಕಿಯ ಬಳಿಯ ಹುಡುಗಿಯೊಬ್ಬಳು ಮೊದಲು ಆಕಳಿಸುತ್ತಾಳೆ. ಆಮೇಲೆ ಮಾತು ನಿಲ್ಲಿಸುತ್ತಾಳೆ. ಮುಖ ಬಿಳಿಚಿಕೊಳ್ಳುತ್ತದೆ, ಹಣೆಯಲ್ಲಿ ತಣ್ಣನೆಯ ಬೆವರು ಮೂಡುತ್ತದೆ, ಬಾಯಲ್ಲಿ ನೀರೂರುತ್ತದೆ, ಹೊಟ್ಟೆ ತೊಳಸಲಾರಂಭಿಸುತ್ತದೆ. ಕೊನೆಗೆ ವಾಂತಿ. ಪಕ್ಕದವರು ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು ಸರಿದು ಕೂರುತ್ತಾರೆ. "ಹತ್ತೋಕೆ ಮುಂಚೇನೇ ಹೇಳ್ಬಾರ್ದಾ?" ಎಂದು ಹಿಂದಿನಿಂದ ಯಾರೋ ಗದರುತ್ತಾರೆ. ಆ ಹುಡುಗಿಗೆ ಹೊಟ್ಟೆಯ ಸಂಕಟಕ್ಕಿಂತಲೂ ಆ ನಾಚಿಕೆಯೇ ದೊಡ್ಡದಾಗುತ್ತದೆ.

ಹಳ್ಳಿಗಳಲ್ಲಿ ಇದಕ್ಕೆ "ನಂಗೆ ಬಸ್ಸು ಆಗಾಕಿಲ್ಲ ಕಣವ್ವ" ಎಂಬ ಒಂದೇ ಮಾತಿದೆ. ಮಾತು ಚಿಕ್ಕದು, ಅದರಿಂದ ಆಗುವ ನಷ್ಟ ಚಿಕ್ಕದಲ್ಲ. ಬಸ್ಸು ಆಗದ ಗರ್ಭಿಣಿ ತಪಾಸಣೆಯ ದಿನವನ್ನು ಮುಂದೂಡುತ್ತಾಳೆ. ಬಸ್ಸು ಆಗದ ಬಾಲಕ ಶಾಲಾ ಪ್ರವಾಸಕ್ಕೆ ಹೆಸರು ಕೊಡದೆ ಏನೋ ನೆಪ ಹೇಳುತ್ತಾನೆ. ದಿನವೂ ಹೋಗಿಬರಬೇಕಾದ ಕಾಲೇಜಿನ ಆಸೆಯನ್ನು ಇದೇ ಕಾರಣಕ್ಕೆ ಮನಸ್ಸಿನಲ್ಲೇ ಅದುಮಿಕೊಳ್ಳುವವರೂ ಇರಬಹುದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಮೂಲಕ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಟಿಕೆಟ್ಟಿನ ತೊಡಕು ಹೀಗೆ ನೀಗಿದರೂ ಹೊಟ್ಟೆಯ ತೊಡಕನ್ನು ಸರ್ಕಾರದ ಆಜ್ಞೆಯಿಂದ ನೀಗಿಸುವಂತಿಲ್ಲ. ಅದನ್ನು ಅರಿತುಕೊಂಡೇ ಎದುರಿಸಬೇಕು.

ಈ ತೊಂದರೆಗೆ ಜನರು ಹೇಳುವ ಕಾರಣಗಳು ಹಲವು. ಪಿತ್ತ ಕೆದರಿದೆ ಎನ್ನುವವರುಂಟು. ಬೆಳಿಗ್ಗೆ ತಿಂದದ್ದು ಒಗ್ಗಲಿಲ್ಲ ಎನ್ನುವವರುಂಟು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಮನಸ್ಸಿನ ಅಂಜಿಕೆ, ಗಟ್ಟಿ ಮನಸ್ಸಿನವರಿಗೆ ಹೀಗಾಗದು ಎಂದು ಬುದ್ಧಿ ಹೇಳುವವರುಂಟು. ಈ ಕೊನೆಯ ಮಾತು ಅನ್ಯಾಯದ ಮಾತು. ಇಂಗ್ಲೆಂಡಿನ ಮಹಾ ನೌಕಾಪತಿ ನೆಲ್ಸನ್ ಜೀವಮಾನವೆಲ್ಲ ಕಡಲ ವಾಕರಿಕೆಯಿಂದ ನರಳಿದವನು. ಜೀವವಿಕಾಸ ಸಿದ್ಧಾಂತದ ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಬೀಗಲ್ ಎಂಬ ಹಡಗಿನಲ್ಲಿ ಲೋಕ ಸುತ್ತಿದಾಗ, ಸಮುದ್ರ ಕೆರಳಿದಾಗಲೆಲ್ಲ ತನ್ನ ತೂಗುಮಂಚದಲ್ಲಿ ಮಲಗಿ ಒದ್ದಾಡುತ್ತಿದ್ದನು. ಇವರನ್ನು ಅಂಜುಬುರುಕರೆಂದು ಕರೆಯಲು ಯಾರಿಗೂ ಬಾಯಿ ಬಾರದು.

ಹಾಗಾದರೆ ಈ ಸಂಕಟದ ಮೂಲವೆಲ್ಲಿ? ಅದು ಹೊಟ್ಟೆಯಲ್ಲಿಲ್ಲ, ಕಿವಿಯಲ್ಲಿದೆ ಎಂದರೆ ಮೊದಲು ಕೇಳಿದವರಿಗೆ ನಗು ಬರಬಹುದು. ಕಿವಿಯು ಕೇಳುವುದಕ್ಕಾಗಿ ಮಾತ್ರವೇ ಇರುವ ಅಂಗವಲ್ಲ. ತಲೆಬುರುಡೆಯ ಮೂಳೆಯೊಳಗೆ ಹುದುಗಿರುವ ಒಳಗಿವಿಯಲ್ಲಿ ಶ್ರವಣದ ಅಂಗದ ಪಕ್ಕದಲ್ಲೇ ಸಮತೋಲನದ ಅಂಗವೂ ಇದೆ. ಅದರಲ್ಲಿ ಅರೆವರ್ತುಲಾಕಾರದ ಮೂರು ಕಿರುನಾಳಗಳು ಒಂದಕ್ಕೊಂದು ಲಂಬವಾಗಿ, ಕೋಣೆಯ ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಕೂಡುವಂತೆ ಜೋಡಣೆಗೊಂಡಿವೆ. ಅವುಗಳಲ್ಲಿ ತುಂಬಿರುವ ದ್ರವದ ಕೆಲಸವನ್ನು ತಿಳಿಯಲು ಒಂದು ತಂಬಿಗೆ ನೀರು ಸಾಕು. ನೀರಿನ ಮೇಲೆ ಒಂದು ಹುಲ್ಲೆಸಳನ್ನು ತೇಲಬಿಟ್ಟು ತಂಬಿಗೆಯನ್ನು ಥಟ್ಟನೆ ತಿರುಗಿಸಿದರೆ ತಂಬಿಗೆ ತಿರುಗುತ್ತದೆ, ಎಸಳು ಮಾತ್ರ ಇದ್ದಲ್ಲೇ ಉಳಿಯುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ನಿಧಾನವಾಗಿ ಸುತ್ತತೊಡಗುತ್ತದೆ. ತಂಬಿಗೆಯನ್ನು ನಿಲ್ಲಿಸಿದ ಮೇಲೂ ನೀರು ಸ್ವಲ್ಪ ಹೊತ್ತು ಸುತ್ತುತ್ತಿರುತ್ತದೆ. ಒಳಗಿವಿಯ ದ್ರವದ ರೀತಿಯೂ ಇದೇ. ತಲೆ ತಿರುಗಿದಾಗ ಹಿಂದುಳಿಯುವ ದ್ರವವು ನಾಳದೊಳಗಿನ ಲೋಳೆಯ ಪರದೆಯನ್ನು ಬಾಗಿಸುತ್ತದೆ. ಅಲ್ಲಿನ ಸೂಕ್ಷ್ಮ ರೋಮಕೋಶಗಳು ಆ ಸುದ್ದಿಯನ್ನು ನರದ ಮೂಲಕ ಮಿದುಳಿಗೆ ಕಳುಹಿಸುತ್ತವೆ. ಕಂಬವನ್ನು ಹಿಡಿದು ಗಿರಗಿರನೆ ಸುತ್ತಿದ ಮಕ್ಕಳಿಗೆ, ನಿಂತ ಮೇಲೂ ಲೋಕವೇ ಸುತ್ತುವಂತೆ ತೋರುವುದಕ್ಕೆ ಇದೇ ಕಾರಣ.

ಈ ನಾಳಗಳ ಬುಡದಲ್ಲಿ ಎರಡು ಪುಟ್ಟ ಚೀಲಗಳಿವೆ. ಅವುಗಳ ಒಳಪೊರೆಯ ಮೇಲೆ ಸುಣ್ಣದ ಹರಳುಗಳು, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಕಣಗಳು, ಹಾಸಿಕೊಂಡಿರುತ್ತವೆ. ಬಸ್ಸು ವೇಗ ಹೆಚ್ಚಿಸಿದಾಗ, ಬ್ರೇಕು ಹಾಕಿದಾಗ, ಉಬ್ಬಿನ ಮೇಲೆ ಎದ್ದು ಬಿದ್ದಾಗ ಈ ಹರಳುಗಳು ಜರುಗಿ ಆ ವಿಷಯವನ್ನು ತಿಳಿಸುತ್ತವೆ. ಕಣ್ಣು ಮುಚ್ಚಿದ್ದರೂ ನಮ್ಮ ದೇಹದ ಮೇಲು ಕೆಳಗುಗಳನ್ನು ನಾವು ಅರಿಯುವುದು ಇವುಗಳ ದೆಸೆಯಿಂದ. ಈ ಅಂಗದ ರಹಸ್ಯವನ್ನು ಬಿಡಿಸಿದವರಲ್ಲಿ ವಿಯೆನ್ನಾದ ವೈದ್ಯ ರಾಬರ್ಟ್ ಬರಾನಿ ಪ್ರಮುಖನು. ಕಿವಿ ತೊಳೆಯುವಾಗ ನೀರು ತಣ್ಣಗಿದ್ದರೆ ರೋಗಿಗೆ ತಲೆಸುತ್ತು ಬಂದು ಕಣ್ಣಾಲಿಗಳು ಒಂದು ಕಡೆಗೆ ಅದುರುವುದನ್ನೂ, ಬಿಸಿಯಾಗಿದ್ದರೆ ಅವು ಇನ್ನೊಂದು ಕಡೆಗೆ ಅದುರುವುದನ್ನೂ ಅವನು ಗಮನಿಸಿದನು. 1914ನೆಯ ವರ್ಷದ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು.

ದೇಹದ ಚಲನೆಯನ್ನು ಕುರಿತು ಮಿದುಳಿಗೆ ಸಾಕ್ಷಿ ಹೇಳುವವು ಮುಖ್ಯವಾಗಿ ಮೂರು: ಒಳಗಿವಿ, ಕಣ್ಣು, ಮತ್ತು ಮಾಂಸಖಂಡ ಕೀಲುಗಳು. ಮನುಷ್ಯನು ತನ್ನ ಕಾಲ ಮೇಲೆ ನಡೆಯುವಾಗ ಮೂರರ ಸಾಕ್ಷಿಯೂ ಒಂದೇ ಆಗಿರುತ್ತದೆ. ಬಸ್ಸಿನಲ್ಲಿ ಹಾಗಲ್ಲ. ಕುಶಾಲನಗರದಿಂದ ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ಪುಸ್ತಕ ಬಿಚ್ಚಿಕೊಂಡು ಕುಳಿತ ವಿದ್ಯಾರ್ಥಿಯ ಕಣ್ಣಿಗೆ ಪುಟವೂ ಅಲುಗಾಡುತ್ತಿಲ್ಲ, ಮುಂದಿನ ಸೀಟೂ ಅಲುಗಾಡುತ್ತಿಲ್ಲ. 'ಇದ್ದಲ್ಲೇ ಇದ್ದೇವೆ' ಎಂದು ಕಣ್ಣು ಹೇಳುತ್ತದೆ. ಒಳಗಿವಿಯೋ, 'ಎಡಕ್ಕೆ ತಿರುಗಿದೆವು, ಬಲಕ್ಕೆ ವಾಲಿದೆವು, ಏರಿದೆವು' ಎಂದು ಬಿಡದೆ ವರದಿ ಮಾಡುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಎರಡು ಮಾತುಗಳು ಕೂಡುವುದಿಲ್ಲ. ಅನುಭವದಿಂದ ಮಿದುಳು ನಿರೀಕ್ಷಿಸಿದ್ದ ಸುದ್ದಿಗೂ ಈಗ ಬಂದ ಸುದ್ದಿಗೂ ತಾಳೆಯಾಗದಿದ್ದಾಗ ವಾಕರಿಕೆ ಹುಟ್ಟುತ್ತದೆಂಬುದು ವಿಜ್ಞಾನಿಗಳು ಬಹುವಾಗಿ ಒಪ್ಪಿರುವ ವಿವರಣೆ. ಚಾಲಕನಿಗೆ ಅದೇ ಬಸ್ಸಿನಲ್ಲಿ, ಅದೇ ತಿರುವಿನಲ್ಲಿ ಏನೂ ಆಗದಿರುವುದಕ್ಕೂ ಇದರಿಂದ ಉತ್ತರ ದೊರೆಯುತ್ತದೆ. ರಸ್ತೆಯನ್ನು ನೋಡುತ್ತ ತಾನೇ ಚಕ್ರ ತಿರುಗಿಸುವವನಿಗೆ ಮುಂದಿನ ಗಳಿಗೆಯ ಚಲನೆ ಮೊದಲೇ ಗೊತ್ತಿರುತ್ತದೆ.

ಇದಕ್ಕೆ ಪುರಾವೆಯೂ ಹಳೆಯದು. ಅಮೆರಿಕದ ವಿಲಿಯಂ ಜೇಮ್ಸ್ ಎಂಬ ಪಂಡಿತನು 1882ರಲ್ಲಿ ಐನೂರಕ್ಕೂ ಹೆಚ್ಚು ಮಂದಿ ಕಿವುಡರನ್ನು ಪರೀಕ್ಷಿಸಿ, ಅವರಲ್ಲಿ ಅನೇಕರಿಗೆ ಎಷ್ಟು ಸುತ್ತಿಸಿದರೂ ತಲೆಸುತ್ತು ಬಾರದೆಂದು ಕಂಡುಕೊಂಡನು. ಒಳಗಿವಿಯ ಸಮತೋಲನದ ಅಂಗ ಸಂಪೂರ್ಣವಾಗಿ ಕೆಟ್ಟವರಿಗೆ ಕಡಲಿನಲ್ಲೂ ವಾಕರಿಕೆ ಬರುವುದಿಲ್ಲವೆಂದು ಮುಂದೆ ಸ್ಥಿರಪಟ್ಟಿತು. ಅಂಧರಿಗಾದರೋ ಪ್ರಯಾಣದಲ್ಲಿ ವಾಕರಿಕೆ ಬರುವುದುಂಟು. ಆದುದರಿಂದ ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಹುಡುಗಿಯ ಒಳಗಿವಿಯಲ್ಲಿ ಯಾವ ಕೊರತೆಯೂ ಇಲ್ಲ. ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಈ ಬಾಧೆ ಅಪರೂಪ. ಅಲ್ಲಿಂದ ಹನ್ನೆರಡರವರೆಗಿನ ಮಕ್ಕಳಲ್ಲಿ ಹೆಚ್ಚು. ಪ್ರಾಯ ಬಂದಂತೆ ಸಾಮಾನ್ಯವಾಗಿ ಇಳಿಮುಖ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಗರ್ಭಿಣಿಯರಲ್ಲಿ ಅಧಿಕ.

ಕಿವಿಗೂ ಕಣ್ಣಿಗೂ ಜಗಳವಾದರೆ ಹೊಟ್ಟೆ ಏಕೆ ದಂಡ ತೆರಬೇಕು? ಈ ಪ್ರಶ್ನೆಗೆ ಹುಣಸೂರು, ಪಿರಿಯಾಪಟ್ಟಣ, ಕೋಟೆಗಳ ರೈತರಿಗೆ ಅರ್ಥವಾಗುವ ಒಂದು ಉದಾಹರಣೆಯಿದೆ. ಈ ಸೀಮೆಯ ಕೆಂಪು ನೆಲದಲ್ಲಿ ವರ್ಜೀನಿಯಾ ಹೊಗೆಸೊಪ್ಪು ಹೇರಳವಾಗಿ ಬೆಳೆಯುತ್ತದೆ. ಮಳೆಯಿಂದಲೋ ಇಬ್ಬನಿಯಿಂದಲೋ ನೆನೆದ ಹಸಿ ಸೊಪ್ಪನ್ನು ಬರಿಗೈಯಲ್ಲಿ ಕಿತ್ತು, ಕಂಕುಳಲ್ಲಿ ಅವುಚಿಕೊಂಡು ಸಾಗಿಸುವವರಿಗೆ ಒಮ್ಮೊಮ್ಮೆ ತಲೆ ತಿರುಗಿ, ಬೆವರಿ, ವಾಂತಿಯಾಗುತ್ತದೆ. ಎಲೆಯಲ್ಲಿರುವ ನಿಕೋಟಿನ್ ಎಂಬ ವಿಷವು ನೀರಿನಲ್ಲಿ ಕರಗಿ ಚರ್ಮದ ಮೂಲಕ ರಕ್ತಕ್ಕೆ ಸೇರುವುದೇ ಇದಕ್ಕೆ ಕಾರಣ. ವೈದ್ಯರು ಇದನ್ನು ಹಸಿರು ಹೊಗೆಸೊಪ್ಪಿನ ಕಾಯಿಲೆ ಎಂದೇ ಗುರುತಿಸಿದ್ದಾರೆ. ಬೆವರು, ಬಿಳಿಚಿಕೆ, ತಲೆಸುತ್ತು, ವಾಂತಿ: ಬಸ್ಸಿನ ಬಾಧೆಯ ಲಕ್ಷಣಗಳೂ ಇವೇ. ಇಂಥ ಹೋಲಿಕೆಯನ್ನು ಹಿಡಿದು ಮೈಕೆಲ್ ಟ್ರೈಸ್‌ಮನ್ ಎಂಬ ವಿದ್ವಾಂಸನು 1977ರಲ್ಲಿ ಒಂದು ಊಹೆಯನ್ನು ಮಂಡಿಸಿದನು. ಮನುಷ್ಯನು ವಾಹನಗಳನ್ನು ಕಾಣುವುದಕ್ಕೆ ಲಕ್ಷಾಂತರ ವರ್ಷಗಳ ಮೊದಲು ಕಣ್ಣು ಕಿವಿಗಳ ಸಾಕ್ಷಿ ಬೇರೆ ಬೇರೆಯಾಗುತ್ತಿದ್ದುದು ವಿಷದ ಕಾಯನ್ನೋ ಬೇರನ್ನೋ ತಿಂದಾಗ. ಆಗ ತಿಂದದ್ದನ್ನು ಹೊರಹಾಕಿದವನು ಬದುಕುತ್ತಿದ್ದನು. ಆ ಹಳೆಯ ಕಾವಲುಗಾರ ಇಂದಿಗೂ ಎಚ್ಚರವಾಗಿದ್ದು, ಬಸ್ಸಿನ ತಿರುವನ್ನು ವಿಷವೆಂದು ತಪ್ಪಾಗಿ ತಿಳಿಯುತ್ತಾನೆ. ಇದು ಇನ್ನೂ ಊಹೆಯೇ, ಎಲ್ಲರೂ ಒಪ್ಪಿದ್ದಲ್ಲ. ಆದರೂ ಹೊಟ್ಟೆಯ ವಿಚಿತ್ರ ವರ್ತನೆಗೆ ಇಷ್ಟು ಚೆನ್ನಾಗಿ ಹೊಂದುವ ಬೇರೆ ವಿವರಣೆ ಸಿಕ್ಕುವುದು ಕಷ್ಟ.

ಇಲ್ಲಿ ಇನ್ನೊಂದು ಸಂದೇಹ ಏಳಬಹುದು. ಎತ್ತಿನ ಗಾಡಿಯಲ್ಲಿ ಜಾತ್ರೆಗೆ ಹೋಗುತ್ತಿದ್ದ ಅಜ್ಜಂದಿರ ಕಾಲದಲ್ಲಿ ಸೊಂಟ ಮುರಿಯಿತೆಂಬ ದೂರಿತ್ತೇ ವಿನಾ ಗಾಡಿ ಆಗದೆಂಬ ದೂರು ಅಷ್ಟಾಗಿ ಇರಲಿಲ್ಲ. ಅದಕ್ಕಿಂತ ಸುಖವಾದ ಬಸ್ಸಿನಲ್ಲಿ ಏಕೆ ಹೀಗಾಗಬೇಕು? ಉತ್ತರವಿರುವುದು ಅಲುಗಾಟದ ಬಲದಲ್ಲಲ್ಲ, ಅದರ ಲಯದಲ್ಲಿ. ಸುಮಾರು ಐದು ಸೆಕೆಂಡುಗಳಿಗೊಮ್ಮೆ ಬಂದುಹೋಗುವ ನಿಧಾನವಾದ ತೂಗಾಟವೇ ಎಲ್ಲಕ್ಕಿಂತ ಹೆಚ್ಚು ವಾಕರಿಕೆ ತರುವುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಗಾಡಿಯ ಚಕ್ರ ಕಲ್ಲಿನ ಮೇಲೆ ಹತ್ತಿ ಇಳಿಯುವ ಕುಲುಕಾಟ ಒಂದು ಸೆಕೆಂಡಿಗೆ ಹಲವು ಸಲ ಬರುವಂಥದು. ಅದು ಮೂಳೆಗೆ ತ್ರಾಸ ಕೊಡುತ್ತದೆ, ಒಳಗಿವಿಯನ್ನು ಅಷ್ಟು ಕದಡದು. ಮೆತ್ತನೆಯ ಸ್ಪ್ರಿಂಗುಗಳ ಮೇಲೆ ತೇಲುತ್ತ, ತಿರುವಿನಿಂದ ತಿರುವಿಗೆ ಹೊಯ್ದಾಡುವ ದೊಡ್ಡ ಬಸ್ಸು ಹಡಗಿಗೆ ಹತ್ತಿರವಾದುದು. ಎಂದರೆ ಸುಖಾಸನದ ಬಸ್ಸೇ ಕೆಲವರಿಗೆ ಹೆಚ್ಚು ಕಷ್ಟ ಕೊಟ್ಟೀತು!

ಕಾರಣ ಗೊತ್ತಾದ ಮೇಲೆ ಉಪಾಯಗಳು ತಾವಾಗಿಯೇ ಹೊಳೆಯುತ್ತವೆ. ಮೊದಲನೆಯದಾಗಿ ಕಣ್ಣು ಕಿವಿಗಳಿಗೆ ರಾಜಿ ಮಾಡಿಸಬೇಕು. ಬಸ್ಸಿನ ಮುಂಭಾಗದಲ್ಲಿ, ಎದುರಿನ ಗಾಜಿನ ಮೂಲಕ ರಸ್ತೆ ಕಾಣುವ ಕಡೆ ಕುಳಿತು, ದೂರದ ಬೆಟ್ಟದ ಅಂಚನ್ನೋ ರಸ್ತೆಯ ತುದಿಯನ್ನೋ ನೋಡುತ್ತಿದ್ದರೆ ತಿರುವು ಬರುವುದು ಕಣ್ಣಿಗೆ ಮೊದಲೇ ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಸ್ ಪ್ರಯಾಣಿಕರನ್ನು ವಿಚಾರಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಂದಿನ ರಸ್ತೆ ಕಾಣದೆ ಕುಳಿತವರಲ್ಲಿ ಅಸ್ವಸ್ಥರಾದವರ ಪ್ರಮಾಣ ರಸ್ತೆ ಕಂಡವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಪಕ್ಕದ ಕಿಟಕಿಯಲ್ಲಿ ಓಡುವ ಹತ್ತಿರದ ಮರಗಳನ್ನು ದಿಟ್ಟಿಸುವುದರಿಂದ ಪ್ರಯೋಜನವಿಲ್ಲ. ಹಿಂದಿನ ಚಕ್ರದ ಆಚೆಗಿರುವ ಕೊನೆಯ ಸೀಟು ಎಲ್ಲಕ್ಕಿಂತ ಹೆಚ್ಚು ಎದ್ದು ಬೀಳುವುದರಿಂದ ಅದನ್ನು ಬಿಡುವುದು ಲೇಸು. ಓದುವುದನ್ನೂ, ಇಂದಿನ ಕಾಲದ ಮೊಬೈಲನ್ನೂ ಬಸ್ಸಿಳಿಯುವವರೆಗೆ ದೂರವಿಡಬೇಕು. ಮುಂದೆ ಜಾಗ ಸಿಕ್ಕದಿದ್ದರೆ ತಲೆಯನ್ನು ಸೀಟಿಗೆ ಒರಗಿಸಿ ಅಲುಗಾಡದಂತೆ ಇರಿಸಿ, ಕಣ್ಣು ಮುಚ್ಚಿಕೊಳ್ಳಬೇಕು. ಸುಳ್ಳಲ್ಲದ ಸಾಕ್ಷಿಯೇ ಆದರೂ ಜಗಳಕ್ಕೆ ಕಾರಣವಾದಾಗ ಸುಮ್ಮನಿರಿಸುವುದು ಒಂದು ಉಪಾಯ. ನಿದ್ದೆ ಬಂದರೆ ಇನ್ನೂ ಒಳ್ಳೆಯದು. ಕೃಷ್ಣರಾಜನಗರದವರಿಗೆ ರೈಲು ಅನುಕೂಲಿಸುವುದಾದರೆ ಅದರಲ್ಲಿ ಹೋಗಬಹುದು. ರೈಲು ಬಸ್ಸಿನಂತೆ ಗಳಿಗೆಗೊಮ್ಮೆ ಹೊರಳುವುದಿಲ್ಲ.

ಬರಿಹೊಟ್ಟೆಯಲ್ಲಿ ಹೊರಟರೆ ವಾಂತಿಯಾಗದೆಂಬ ನಂಬಿಕೆ ತಪ್ಪು. ತುಂಬುಹೊಟ್ಟೆಯೂ ಸಲ್ಲದು. ಹೊರಡುವ ಒಂದೆರಡು ಗಂಟೆ ಮೊದಲು ಎಣ್ಣೆ ಖಾರ ಕಡಿಮೆಯಿರುವ ಎರಡು ಇಡ್ಲಿಯೋ ಸ್ವಲ್ಪ ಮೊಸರನ್ನವೋ ಸಾಕು. ನಿಂಬೆಹಣ್ಣು ಮೂಸುವ ವಾಡಿಕೆ ಎಲ್ಲೆಡೆ ಇದೆ. ಡೀಸೆಲ್ ವಾಸನೆ, ಬೇರೆಯವರ ವಾಂತಿಯ ವಾಸನೆಗಳನ್ನು ಅದು ಮರೆಸುವುದರಿಂದ ನೆಮ್ಮದಿ ಸಿಗುತ್ತದೆ. ಶುಂಠಿಯನ್ನು ಕುರಿತ ಪ್ರಯೋಗಗಳು ಕೆಲವು ಅನುಕೂಲವಾಗಿ, ಕೆಲವು ಪ್ರತಿಕೂಲವಾಗಿ ಬಂದಿವೆ. ಚೂರು ಅಗಿದರೆ ನಷ್ಟವೇನಿಲ್ಲ. ಹೊಟ್ಟೆಯ ಮೇಲೆ ಹಳೆಯ ಪತ್ರಿಕೆ ಇಟ್ಟುಕೊಳ್ಳುವವರಿಗೆ ಅದರಿಂದ ಸಿಗುವುದು ಧೈರ್ಯವೊಂದೇ, ಧೈರ್ಯಕ್ಕೂ ಅದರದೇ ಬೆಲೆಯುಂಟು. ಕಿಟಕಿ ತೆರೆದು ತಣ್ಣನೆಯ ಗಾಳಿ ಬರಗೊಡಬೇಕು. ಆದರೆ ವಾಂತಿ ಬಂತೆಂದು ಚಲಿಸುವ ಬಸ್ಸಿನಿಂದ ತಲೆಯನ್ನು ಹೊರಗೆ ಹಾಕುವುದು ಪ್ರಾಣಕ್ಕೆ ಅಪಾಯ. ಎದುರಿನಿಂದ ಬರುವ ಲಾರಿಗೆ ಯಾರ ಸಂಕಟವೂ ಕಾಣುವುದಿಲ್ಲ. ಕೈಚೀಲದಲ್ಲಿ ತೂತಿಲ್ಲದ ಒಂದೆರಡು ಕವರುಗಳಿದ್ದರೆ ಈ ಅಪಾಯವೂ ಇಲ್ಲ, ನಾಚಿಕೆಯೂ ಇಲ್ಲ. ಆಕಳಿಕೆ, ಬಾಯಲ್ಲಿ ನೀರೂರುವುದು ಮೊದಲಾದ ಮುನ್ಸೂಚನೆಗಳು ಕಂಡಾಗಲೇ ಉಪಾಯಗಳನ್ನು ಕೈಗೊಳ್ಳಬೇಕು. ಹೊಟ್ಟೆ ತೊಳಸಿದ ಮೇಲೆ ಕಾಲ ಮೀರಿರುತ್ತದೆ.

ಔಷಧಗಳ ವಿಷಯದಲ್ಲಿ ಒಂದು ಸ್ವಾರಸ್ಯವಾದ ಕಥೆಯಿದೆ. 1947ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಗೆ ಮೈಮೇಲೆ ದದ್ದು ಏಳುವ ಕಾಯಿಲೆಗೆಂದು ಮಹಿಳೆಯೊಬ್ಬಳು ಬರುತ್ತಿದ್ದಳು. ಟ್ರಾಮ್ ಗಾಡಿ ಹತ್ತಿದರೆ ಆಕೆಗೆ ವಾಕರಿಕೆ. ವೈದ್ಯರು ಕೊಟ್ಟ ಹೊಸ ಮಾತ್ರೆಯನ್ನು ನುಂಗಿದ ದಿನ ಟ್ರಾಮಿನಲ್ಲಿ ಏನೂ ಆಗಲಿಲ್ಲವೆಂದು ಅವಳು ತಿಳಿಸಿದಳು. ರೋಗಿಯ ಆ ಮಾತನ್ನು ತಳ್ಳಿಹಾಕದೆ ಕೇಳಿಸಿಕೊಂಡದ್ದು ಅಲ್ಲಿಯ ವೈದ್ಯರ ದೊಡ್ಡತನ. ಮಾರನೆಯ ವರ್ಷ ಸೈನಿಕರ ಹಡಗೊಂದರಲ್ಲಿ ಪರೀಕ್ಷೆ ನಡೆಯಿತು. ಡೈಮೆನ್‌ಹೈಡ್ರಿನೇಟ್ ಎಂಬ ಔಷಧ ಹೀಗೆ ಬಳಕೆಗೆ ಬಂತು. ಇಂಥ ಮಾತ್ರೆಗಳನ್ನು ಪ್ರಯಾಣಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ವಾಕರಿಕೆ ಶುರುವಾದೊಡನೆ ಜಠರದ ಕೆಲಸ ಮಂದವಾಗುವುದರಿಂದ ಆಮೇಲೆ ನುಂಗಿದ ಮಾತ್ರೆ ರಕ್ತಕ್ಕೆ ಸೇರದೆ ಅಲ್ಲೇ ಬಿದ್ದಿರುತ್ತದೆ, ಇಲ್ಲವೆ ಹೊರಬರುತ್ತದೆ. ಇವು ನಿದ್ದೆ ತರುವುದರಿಂದ ವಾಹನ ನಡೆಸುವವರು ಸೇವಿಸಕೂಡದು. ಗರ್ಭಿಣಿಯರಿಗೂ ಮಕ್ಕಳಿಗೂ ವೈದ್ಯರನ್ನು ಕೇಳದೆ ಕೊಡಬಾರದು. ಸ್ಕೊಪೊಲಮಿನ್ ಎಂಬ ಇನ್ನೊಂದು ಪ್ರಬಲ ಔಷಧವು ಬೇಲಿಯ ಮೇಲೆ ಬೆಳೆಯುವ ಉಮ್ಮತ್ತಿ ಗಿಡದಲ್ಲಿಯೂ ಇದೆ. ಆದರೆ ಗಿಡದಲ್ಲಿ ಅದರ ಪ್ರಮಾಣವನ್ನು ಅಳೆಯುವವರಾರು? ಉಮ್ಮತ್ತಿಯನ್ನು ಬಾಯಿಗೆ ಹಾಕಿದವರಿಗೆ ಹುಚ್ಚು ಹಿಡಿದಂತಾಗುತ್ತದೆ, ಪ್ರಾಣವೂ ಹೋಗಬಹುದು.

ಸಹಪ್ರಯಾಣಿಕರಿಂದಲೂ ಚಾಲಕರಿಂದಲೂ ಆಗಬಹುದಾದ ಉಪಕಾರ ಕಡಿಮೆಯದಲ್ಲ. ತಿರುವಿಗೆ ಮೊದಲೇ ವೇಗ ತಗ್ಗಿಸಿ, ಬ್ರೇಕನ್ನು ಮೆಲ್ಲಗೆ ಒತ್ತುವ ಚಾಲಕನ ಬಸ್ಸಿನಲ್ಲಿ ಕಷ್ಟಪಡುವವರು ಕಡಿಮೆ. ರಾಜ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರ ಸೀಟುಗಳು ಮುಂಭಾಗದಲ್ಲಿರುವುದು ಈ ದೃಷ್ಟಿಯಿಂದ ಒಳ್ಳೆಯದೇ ಆಗಿದೆ. ಏನೂ ಬಾಧೆಯಿಲ್ಲದವರು ಅಲ್ಲಿ ಕುಳಿತಿದ್ದು ಬಾಧೆಯುಳ್ಳ ಮಗುವೊಂದು ಹಿಂದೆ ನಿಂತಿದ್ದರೆ, ಎದ್ದು ಜಾಗ ಕೊಡುವುದಕ್ಕೆ ಯಾವ ನಿಯಮವೂ ಬೇಕಿಲ್ಲ.

ಪ್ರಯಾಣ ಮುಗಿದ ಮೇಲೆ ಸಾಮಾನ್ಯವಾಗಿ ಈ ಬಾಧೆ ತಾನಾಗಿಯೇ ಅಡಗುತ್ತದೆ. ಅಡಗದೆ ಮರುದಿನಕ್ಕೂ ಮುಂದುವರಿದರೆ, ಸುಮ್ಮನೆ ಕುಳಿತಾಗಲೂ ತಲೆ ಸುತ್ತಿದರೆ, ಕಿವಿ ಮಂದವಾದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿಯಾದರೆ ಅದನ್ನು ಬಸ್ಸಿನ ತಲೆಗೆ ಕಟ್ಟಕೂಡದು. ಕೂಡಲೇ ವೈದ್ಯರ ಬಳಿಗೆ ಹೋಗಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೊಂದಿಗೆ ಒಳಗಿವಿಯ ಸಮತೋಲನವನ್ನು ಪರೀಕ್ಷಿಸುವ ಏರ್ಪಾಡೂ ಇದೆ.

ಮಿಕ್ಕವರಿಗೆ ಎಲ್ಲಕ್ಕಿಂತ ದೊಡ್ಡ ಔಷಧ ಅಭ್ಯಾಸ. 1961ರ ಆಗಸ್ಟಿನಲ್ಲಿ ವೋಸ್ತೋಕ್-2 ನೌಕೆಯಲ್ಲಿ ಭೂಮಿಯನ್ನು ಸುತ್ತಿದ ಗೆರ್ಮನ್ ಟಿಟೋವ್ ಬಾಹ್ಯಾಕಾಶದಲ್ಲಿ ವಾಕರಿಕೆಗೆ ಗುರಿಯಾದ ಮೊದಲ ಮನುಷ್ಯ. ಒಂದು ನಿದ್ದೆ ಮಾಡಿ ಎದ್ದ ಮೇಲೆ ಅವನು ಬಹುಮಟ್ಟಿಗೆ ಚೇತರಿಸಿಕೊಂಡನು. ತೂಕವಿಲ್ಲದ ಆ ಲೋಕಕ್ಕೂ ಒಳಗಿವಿ ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುತ್ತದೆ. ಬಸ್ಸಿನ ವಿಷಯದಲ್ಲಿಯೂ ಹಾಗೆಯೇ. ಹನಗೋಡಿನಿಂದ ಹುಣಸೂರಿಗೆ ದಿನವೂ ಹೋಗಿಬರುವ ವಿದ್ಯಾರ್ಥಿನಿಗೆ ಮೊದಲ ಕೆಲವು ವಾರ ಕಷ್ಟವಾದರೂ ಆಮೇಲೆ ಆ ರಸ್ತೆಯ ಪ್ರತಿಯೊಂದು ತಿರುವೂ ಪರಿಚಯವಾಗುತ್ತದೆ. ಬಹುದಿನ ಬಿಟ್ಟರೆ ಅಭ್ಯಾಸ ತಪ್ಪುವುದೂ ಉಂಟು, ಹೊಸ ಬಗೆಯ ರಸ್ತೆಗೆ ಹೊಸ ಅಭ್ಯಾಸ ಬೇಕಾಗುವುದೂ ಉಂಟು. ಆದುದರಿಂದ ಬಸ್ಸು ಆಗದ ಮಗುವನ್ನು ಮೊದಲ ಸಲವೇ ಮಡಿಕೇರಿಯ ಘಟ್ಟಕ್ಕೆ ಕರೆದೊಯ್ಯಬಾರದು. ಮೈಸೂರಿನಿಂದ ಇಲವಾಲದವರೆಗೆ ಒಂದು ದಿನ, ಬಿಳಿಕೆರೆಯವರೆಗೆ ಇನ್ನೊಂದು ದಿನ, ಹುಣಸೂರಿನವರೆಗೆ ಮತ್ತೊಂದು ದಿನ ಹೋಗಿಬರುತ್ತಿದ್ದರೆ, ಬೇಸಿಗೆಯ ರಜೆ ಕಳೆಯುವುದರೊಳಗೆ ಪಿರಿಯಾಪಟ್ಟಣವನ್ನು ದಾಟಿ ಕುಶಾಲನಗರದ ಸೇತುವೆಯವರೆಗಾದರೂ ಹೋದೀತು.